ಪಟ್ಟಿ ಬಿಚ್ಚುವ ಮುಂಚಿನ ಗೆಲುವು

ಜಾನ್ ಟೇಲರ್ ಎಂಬ ಇಂಗ್ಲಿಷ್ ನೇತ್ರವೈದ್ಯನ ಜೀವನವನ್ನು ಸಂಶೋಧಿಸಹೊರಟವರಿಗೆ ಸಾಮಗ್ರಿಯ ಕೊರತೆಯಿಲ್ಲ. ಅದರಲ್ಲಿ ಎಷ್ಟೋ ಭಾಗವನ್ನು ಅವನೇ ಬರೆದಿದ್ದಾನೆ ಎಂಬುದೇ ತೊಡಕು. 1703ರಲ್ಲಿ ನಾರ್ವಿಚ್‌ನಲ್ಲಿ ಹುಟ್ಟಿ, ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್‌ನ ಬಳಿ ಕಲಿತು, 1736ರಲ್ಲಿ ದೊರೆ ಎರಡನೆಯ ಜಾರ್ಜನ ನೇತ್ರವೈದ್ಯನಾದ ಈತ, ಮೈತುಂಬ ಕಣ್ಣುಗಳ ಚಿತ್ರ ಬರೆಸಿದ ಸಾರೋಟಿನಲ್ಲಿ ಯುರೋಪನ್ನೆಲ್ಲ ಸುತ್ತಿದ. 1761ರ ಆತ್ಮಕಥೆಯಲ್ಲಿ ಅವನು ಸಂಗೀತಗಾರ ಬಾಖ್‌ನಿಗೆ ದೃಷ್ಟಿ ಮರಳಿಸಿದೆನೆಂದು ಹೇಳಿಕೊಂಡು, ಆಗ ರೋಗಿಗೆ 88 ವರ್ಷವೆಂದೂ ಸೇರಿಸಿದ್ದಾನೆ. ಬಾಖ್‌ನಿಗೆ ಆಗ 65 ವರ್ಷ.

ಇಷ್ಟಕ್ಕೇ ಎಲ್ಲವನ್ನೂ ಸುಳ್ಳೆಂದು ಬದಿಗಿಡುವುದು ಅವಸರವಾದೀತು. 1750ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಪತ್ರಿಕೆಯೊಂದು, ಲೈಪ್‌ಜಿಗ್‌ನಲ್ಲಿ ಬಾಖ್‌ನಿಗೆ ನಡೆದ ಶಸ್ತ್ರಕ್ರಿಯೆ ಯಶಸ್ವಿಯಾಯಿತೆಂದೇ ವರದಿ ಮಾಡಿತ್ತು. 1754ರಲ್ಲಿ ಅಚ್ಚಾದ ಬಾಖ್‌ನ ಸ್ಮರಣಲೇಖನವಾದರೋ, ಎರಡು ಸಲ ಶಸ್ತ್ರಕ್ರಿಯೆಯಾದ ಮೇಲೆ ದೃಷ್ಟಿಯೂ ಹೋಗಿ, ದೇಹವೂ ಕುಸಿಯಿತೆನ್ನುತ್ತದೆ. ಬಾಖ್ ತೀರಿಕೊಂಡದ್ದು 1750ರ ಜುಲೈ 28ರಂದು. ಎರಡೂ ಬರಹಗಳು ಪ್ರಾಮಾಣಿಕವಾಗಿರಲು ಸಾಧ್ಯವಿದೆ, ಮತ್ತು ಅದಕ್ಕೆ ಕಾರಣ ಕಣ್ಣಿನೊಳಗೇ ಇದೆ.

ಕಣ್ಣಿನ ಪೊರೆಗೆ ಸುಶ್ರುತನ ಕಾಲದಿಂದಲೂ ಬಳಕೆಯಲ್ಲಿದ್ದ ವಿಧಾನದಲ್ಲಿ, ಬಿಳಿಗುಡ್ಡೆಯ ಮೂಲಕ ಸೂಜಿ ಹಾಯಿಸಿ ಮಂಜಾದ ಮಸೂರವನ್ನು ಪಾಪೆಯ ಹಿಂದಿನಿಂದ ಕೆಳಕ್ಕೆ ಒತ್ತುತ್ತಿದ್ದರು. ಕಿಟಕಿಗೆ ಅಡ್ಡವಿದ್ದ ಹಲಗೆಯನ್ನು ಹೊರಗೆಸೆಯದೆ ಕೋಣೆಯೊಳಕ್ಕೇ ಬೀಳಿಸಿದಂತೆ. ಬೆಳಕು ತಕ್ಷಣ ಒಳಬರುತ್ತದೆ, ರೋಗಿ ಎದುರು ಹಿಡಿದ ಬೆರಳುಗಳನ್ನು ಎಣಿಸುತ್ತಾನೆ, ನೆರೆದವರು ಬೆರಗಾಗುತ್ತಾರೆ. ಹಾನಿಯು ನಿಧಾನವಾಗಿ ಬರುತ್ತದೆ. ಮಸೂರದ ಕೋಶ ಹರಿದಿದ್ದರೆ ಅದರೊಳಗಿನ ವಸ್ತು ಸೋರಿ ಉರಿಯೂತ ಹುಟ್ಟುತ್ತದೆ. ಕುದಿಸದ ಸೂಜಿಯ ಜೊತೆ ಹೋದ ರೋಗಾಣುಗಳು ಬೆಳೆಯುತ್ತವೆ. ದ್ರವ ಹೊರಹರಿಯುವ ದಾರಿ ಕಟ್ಟಿಕೊಂಡರೆ ಒತ್ತಡವೇರಿ ದೃಷ್ಟಿನರ ಸಾಯುತ್ತದೆ. ಇವಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದ್ದರಿಂದ ಟೇಲರ್‌ನ ಪರವಾದ ಪ್ರತಿಯೊಂದು ಸಾಕ್ಷ್ಯವನ್ನೂ, ಅದು ಶಸ್ತ್ರಕ್ರಿಯೆಯಾದ ಎಷ್ಟನೆಯ ದಿನ ಬರೆದದ್ದೆಂದು ಕೇಳಿಯೇ ಓದಬೇಕು.

ಮೆಳ್ಳೆಗಣ್ಣಿನ ವಿಷಯದಲ್ಲಿ ಅವನ ಜಾಣತನ ಇನ್ನೂ ಸ್ಪಷ್ಟ. ಫ್ರಾನ್ಸಿನ ರೂವಾನ್ ನಗರದ ಶಸ್ತ್ರವೈದ್ಯ ಲೆ ಕಾ ಕಂಡಂತೆ, ಟೇಲರ್ ರೇಷ್ಮೆದಾರದಿಂದ ಕಣ್ಣಿನ ಮೇಲ್ಪೊರೆಯ ಚೂರೊಂದನ್ನು ಎತ್ತಿ ಕತ್ತರಿಸಿ, ಸರಿಯಿದ್ದ ಇನ್ನೊಂದು ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದ. ಕೂಡಲೇ ಓರೆಯ ಕಣ್ಣು ನೆಟ್ಟಗಾಗುತ್ತಿತ್ತು. ನೋಟ ನೆಡುವ ಕಣ್ಣನ್ನು ಮುಚ್ಚಿದರೆ ಮಿದುಳು ಇನ್ನೊಂದನ್ನು ವಸ್ತುವಿನತ್ತ ತಿರುಗಿಸುತ್ತದೆ, ಕತ್ತರಿಯ ಹಂಗಿಲ್ಲದೆಯೇ. ಇಂದಿನ ಕಣ್ಣಿನ ಆಸ್ಪತ್ರೆಗಳಲ್ಲಿ ಮೆಳ್ಳೆಯನ್ನು ಪತ್ತೆಹಚ್ಚಲು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಪಟ್ಟಿ ಬಿಚ್ಚಿದಾಗ ಮೆಳ್ಳೆ ಮರಳುತ್ತಿತ್ತು. ಅಷ್ಟರಲ್ಲಿ ಸಾರೋಟು ಊರು ದಾಟಿರುತ್ತಿತ್ತು.

ತಾನು ಕಂಡವರಲ್ಲೆಲ್ಲ ಟೇಲರ್ ಅತ್ಯಂತ ಅಜ್ಞಾನಿಯೆಂದು ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಹೇಳಿದ್ದನ್ನು ನಾನು ಒಪ್ಪಲಾರೆ. 1727ರಲ್ಲೇ ಕಣ್ಣಿನ ರಚನೆಯ ಬಗ್ಗೆ ಪುಸ್ತಕ ಬರೆದವನಿಗೆ ತಿಳಿವಳಿಕೆ ಸಾಕಷ್ಟಿತ್ತು, ಮತ್ತು ತಿಳಿದೂ ಮಾಡಿದ್ದರಿಂದಲೇ ಅವನ ಅಪರಾಧ ದೊಡ್ಡದು.

1758ರ ಆಗಸ್ಟ್‌ನಲ್ಲಿ, ಅವನು ಸಂಗೀತಗಾರ ಹ್ಯಾಂಡೆಲ್‌ನಿಗೆ ದೃಷ್ಟಿ ಮರಳಿಸಿದನೆಂದು ಕೊಂಡಾಡುವ ಪದ್ಯವೊಂದು ಲಂಡನ್ ಪತ್ರಿಕೆಯಲ್ಲಿ ಬಂತು. ಹ್ಯಾಂಡೆಲ್ 1759ರ ಏಪ್ರಿಲ್ 14ರಂದು ಕುರುಡನಾಗಿಯೇ ತೀರಿಕೊಂಡ.