ಕಾಫಿ ಸಿಪ್ಪೆಯ ವ್ಯಾಪಾರಕ್ಕೆ ಮೊದಲು ನೀರಿನ ಲೆಕ್ಕ

ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಕುಯ್ಲು ಬಿರುಸಾದರೆ ಪಲ್ಪರ್ ಮನೆಗಳ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಮನೆಗಳ) ಹಿಂದೆ ಕೆಂಪು ಸಿಪ್ಪೆಯ ಗುಡ್ಡೆ ಬೆಳೆಯುತ್ತದೆ. ಈ ಗುಡ್ಡೆಯಿಂದ ಗೊಬ್ಬರ, ಗ್ಯಾಸ್, ಉರುವಲು, ಚಹಾ ಏನೆಲ್ಲ ಮಾಡಬಹುದೆಂಬ ಪಟ್ಟಿ ಎಲ್ಲರಿಗೂ ಗೊತ್ತು. ಆದರೂ ಇಂಥ ಉದ್ಯಮ ಮುಗ್ಗರಿಸುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಸಾಗಣೆಯಲ್ಲಿ.

ಲೆಕ್ಕ ಹಾಕಿ ನೋಡಿ. 10 ಟನ್ ಹಣ್ಣು ಪಲ್ಪ್ ಮಾಡಿದರೆ ಹಸಿ ಸಿಪ್ಪೆ ಸುಮಾರು 4 ಟನ್. ಅದರಲ್ಲಿ ಶೇ 80ರಷ್ಟು ನೀರೇ. ಒಣ ಪದಾರ್ಥ ಬರೀ 800 ಕೆಜಿ. ಒಣ ತೂಕದಲ್ಲಿ ಸಾರಜನಕ ಸುಮಾರು ಶೇ 2, ಪೊಟ್ಯಾಶಿಯಂ ಶೇ 3 ಎಂದು ಹಿಡಿದರೆ 16 ಕೆಜಿ ಮತ್ತು 24 ಕೆಜಿ ಆಯಿತು. ಅಂದರೆ 45 ಕೆಜಿಯ ಒಂದು ಚೀಲ ಯೂರಿಯಾಕ್ಕಿಂತ ಕಡಿಮೆ, ಜೊತೆಗೆ 50 ಕೆಜಿಯ ಒಂದು ಚೀಲ ಪೊಟ್ಯಾಷ್. ಎರಡು ಚೀಲದ ಸತ್ವಕ್ಕಾಗಿ ನಾಲ್ಕು ಟನ್ ಸರಕನ್ನು ಘಟ್ಟದ ರಸ್ತೆಯಲ್ಲಿ ಚಿಕ್ಕಮಗಳೂರಿನ ಗೊಬ್ಬರ ಘಟಕದವರೆಗೆ ಸಾಗಿಸಿದರೆ ಡೀಸೆಲ್ ಖರ್ಚೇ ಲಾಭವನ್ನು ನುಂಗುತ್ತದೆ. ಹಸಿ ಸಿಪ್ಪೆ ಬಿದ್ದಲ್ಲೇ ಗೊಬ್ಬರವಾಗಬೇಕು. ಹಾಗಾಗಿ ಇಲ್ಲಿ ಮಾರಬೇಕಾದದ್ದು ಗೊಬ್ಬರವನ್ನಲ್ಲ, ಗೊಬ್ಬರ ಮಾಡಿಕೊಡುವ ಕೆಲಸವನ್ನು. ಚೂರು ಮಾಡುವ ಯಂತ್ರ, ಗುಡ್ಡೆ ಮಗುಚಲು ಒಂದು ಲೋಡರ್, ಉದ್ದ ಕಡ್ಡಿಯ ಥರ್ಮಾಮೀಟರ್ ಮತ್ತು ತರಬೇತಾದ ಇಬ್ಬರು ತೋಟದಿಂದ ತೋಟಕ್ಕೆ ಹೋಗಲಿ. ಸಿಪ್ಪೆಯೂ ಗೊಬ್ಬರವೂ ಬೆಳೆಗಾರರದೇ. ಬಾಡಿಗೆ ಮಾತ್ರ ಉದ್ಯಮಿಯದು.

ಕೆಲಸ ಕೆಡುವುದು ಎಲ್ಲಿ ಎಂಬುದೂ ಸ್ಪಷ್ಟವಿದೆ. ಹಸಿ ಸಿಪ್ಪೆಯನ್ನು ಹಾಗೇ ರಾಶಿ ಹಾಕಿದರೆ ತನ್ನ ಭಾರಕ್ಕೇ ಕುಸಿದು ಒಳಗಿನ ಗಾಳಿ ಹೊರಟುಹೋಗುತ್ತದೆ. ಹುಳಿ ನಾತ, ನೊಣ, ಕಂದು ರಸ ಶುರು. ಅದಕ್ಕೇ ಇಳಿಜಾರಿನಲ್ಲಿ ಎರಡು ಮೂರು ದಿನ ನೀರು ಬಸಿಯಲು ಬಿಟ್ಟು, ಒಂದು ಗೇಣು ಸಿಪ್ಪೆಗೆ ಅರ್ಧ ಗೇಣು ಸಿಲ್ವರ್ ಓಕ್ ಎಲೆ ಅಥವಾ ಚೂರು ಮಾಡಿದ ಅಡಿಕೆ ಸೋಗೆ, ಮೇಲೆ ಸಗಣಿ ಬಗ್ಗಡ, ಸ್ವಲ್ಪ ರಾಕ್ ಫಾಸ್ಫೇಟ್ ಹಾಕಬೇಕು. ಎತ್ತರ ನಾಲ್ಕೈದು ಅಡಿ ಮೀರಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಿಗೆ ಸಿದ್ಧ. ಡಿಸೆಂಬರಿನ ಗುಡ್ಡೆ ಮುಂಗಾರಿಗೆ ಮುಂಚಿನ ಗೊಬ್ಬರದ ಹೊತ್ತಿಗೆ ಕೈಗೆ ಬರುತ್ತದೆ. ನಾತ ಹೋಗಲೆಂದು ಬಿಸಿ ಗುಡ್ಡೆಗೆ ಸುಣ್ಣ ಸುರಿಯುವವರಿದ್ದಾರೆ. ದಯವಿಟ್ಟು ಬೇಡ, ಸುಣ್ಣ ಸೇರಿದೊಡನೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಪಲ್ಪರ್ ನೀರಿನ, ಅಂದರೆ ಹಣ್ಣು ಸುಲಿದು ಬೀಜ ತೊಳೆದ ನೀರಿನ ಕತೆ ಬೇರೆ. ಸಕ್ಕರೆ, ಲೋಳೆ ತುಂಬಿದ ಈ ನೀರು ಹುಳಿಯುತ್ತಿದ್ದಂತೆ ಅದರ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಬತ್ತಿ ಮೀನು ಸಾಯುತ್ತವೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲೇ. ಕೆಳಗಿನ ಊರುಗಳು ಕುಡಿಯುವ ನೀರಿಗೆ ನಾವು ಮೇಲೆ ಏನು ಬೆರೆಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಇದೇ ನೀರಿನಿಂದ ಗ್ಯಾಸ್ ಬರುತ್ತದೆ. ಆದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಪಿಎಚ್ 7ರ ಹತ್ತಿರ ಇರಬೇಕು, 6.5ಕ್ಕಿಂತ ಕೆಳಗೆ ಹೋದರೆ ಅವು ಸೊರಗುತ್ತವೆ. ಸುಣ್ಣದ ಕೆಲಸ ಇಲ್ಲಿದೆ: ಟ್ಯಾಂಕಿಗೆ ಹೋಗುವ ಮೊದಲೇ ನೀರನ್ನು ಹದಕ್ಕೆ ತರಬೇಕು. ಇನ್ನೂ ದೊಡ್ಡ ತೊಡಕು ಹಂಗಾಮು. ಪಲ್ಪರ್ ನೀರು ಎರಡು ಮೂರು ತಿಂಗಳು ಮಾತ್ರ. ಉಳಿದ ಕಾಲ ಸಗಣಿಯೋ ಹಾಸ್ಟೆಲಿನ ಅಡುಗೆ ತ್ಯಾಜ್ಯವೋ ದಿನವೂ ಸಿಗದಿದ್ದರೆ ಗ್ಯಾಸ್ ಪ್ಲಾಂಟ್ ನಿಂತುಹೋಗುತ್ತದೆ. ಮುಂದಿನ ಹಂಗಾಮಿನಲ್ಲಿ ಅದು ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕು, ಅಷ್ಟರಲ್ಲಿ ಕುಯ್ಲು ಅರ್ಧ ಮುಗಿದಿರುತ್ತದೆ. ಆ ಪೂರೈಕೆಯ ಒಪ್ಪಂದ ಕೈಯಲ್ಲಿಲ್ಲದೆ ಸಾಲ ತೆಗೆಯಬಾರದು.

ಸಿಪ್ಪೆಯ ಚಹಾಕ್ಕೆ, ಅಂದರೆ ಕಾಸ್ಕರಾಕ್ಕೆ, ಯುರೋಪಿಯನ್ ಒಕ್ಕೂಟ 2022ರಲ್ಲಿ ಅನುಮತಿ ಕೊಟ್ಟಿತು. ಚೆನ್ನಾಗಿ ಹಣ್ಣಾದ ಕಾಫಿಯ ಸಿಪ್ಪೆಯನ್ನು ಅದೇ ದಿನ ತೆಳ್ಳಗೆ ಹರಡಿ ಬೇಗ ಒಣಗಿಸದಿದ್ದರೆ ಬೂಸ್ಟು ಬರುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ್ದಾದರೆ ತಾಮ್ರದ ಪರೀಕ್ಷೆಯೂ ಬೇಕು. ಗುಡ್ಡೆಯ ಸಣ್ಣ ಪಾಲಿಗೆ ಮಾತ್ರ ಒಗ್ಗುವ ದಾರಿ ಇದು.

ದೂರ ಹೋಗಬಲ್ಲದ್ದು ಒಣ ಹೊಟ್ಟು, ಅಂದರೆ ಚೆರ್ರಿಯಿಂದ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನಿಂದ) ಬೀಜ ತೆಗೆದಾಗ ಉಳಿಯುವುದು. 50 ಕೆಜಿ ಚೆರ್ರಿ ಮೂಟೆಗೆ 26 ಓಟಿ (ಔಟ್‌ಟರ್ನ್, ಅಂದರೆ 26 ಕೆಜಿ ಬೀಜ) ಬಂದರೆ ಉಳಿದ 24 ಕೆಜಿ ಬಹುಪಾಲು ಹೊಟ್ಟೇ. ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಬೀಜ ಬಿಡಿಸಿ ಹಸನು ಮಾಡುವ ಕಾರ್ಖಾನೆಗಳಲ್ಲಿ) ಅದು ಒಂದೇ ಕಡೆ ಸಿಗುತ್ತದೆ. ಬಾಯ್ಲರಿಗೆ ಒಳ್ಳೆಯ ಉರುವಲು, ಆದರೆ ಇದರ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ. ಹಾಗಾಗಿ ಅದು ಕಡಿಮೆ ಶಾಖಕ್ಕೇ ಕರಗಿ ಜಾಲರಿಗೆ ಗಟ್ಟಿಯಾಗಿ ಅಂಟುತ್ತದೆ. ಸೌದೆ ಬೆರೆಸಿ, ಉರಿ ಹದದಲ್ಲಿಟ್ಟು, ಜಾಲರಿ ದಿನವೂ ಕೆರೆಯಬೇಕು.

ಹೊಟ್ಟಿನ ದರವನ್ನು ಲೋಡಿಗಲ್ಲ, ತೇವಾಂಶ ಅಳೆದು ಒಣ ತೂಕಕ್ಕೆ ನಿಗದಿ ಮಾಡಬೇಕು. ಇಲ್ಲದಿದ್ದರೆ ನೆನೆದ ಹೊಟ್ಟಿಗೇ ಹೆಚ್ಚು ದುಡ್ಡು ಕೊಟ್ಟಂತೆ. ಒಪ್ಪಂದದಲ್ಲಿ ಬೂದಿಯ ಮಾತೂ ಇರಲಿ. ತೋಟದಿಂದ ಹೋದ ಪೊಟ್ಯಾಷ್ ಅದರಲ್ಲೇ ಇದೆ. ಚೆರ್ರಿ ತರಲು ಖಾಲಿ ಹೊರಡುವ ಲಾರಿಯಲ್ಲಿ ಅದನ್ನು ಚೀಲಕ್ಕೆ ತುಂಬಿ ಕಳಿಸಬಹುದು. ಅದು ಕ್ಷಾರವಾದ್ದರಿಂದ ಯೂರಿಯಾ ಜೊತೆ ಬೆರೆಸದೆ ಬೇರೆಯಾಗಿ, ಮಣ್ಣಿನ ಪಿಎಚ್ ನೋಡಿಕೊಂಡು ಹಾಕಬೇಕು.