ಕಂಟಿಂಜೆನ್ಸಿ ರಿಸರ್ವ್, ಮ್ಯಾನೇಜ್‌ಮೆಂಟ್ ರಿಸರ್ವ್: ಯಾವ ದುಡ್ಡು ಯಾವಾಗ?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ರಿಸ್ಕ್ ಅಂದರೆ ಆಗಬಹುದಾದದ್ದು, ಇಶ್ಯೂ ಅಂದರೆ ಆಗಿಹೋದದ್ದು. ಮೊದಲನೆಯದು ರಿಸ್ಕ್ ರಿಜಿಸ್ಟರ್‌ಗೆ, ಅಂದರೆ ರಿಸ್ಕ್‌ಗಳ ಪಟ್ಟಿಗೆ; ಎರಡನೆಯದು ಇಶ್ಯೂ ಲಾಗ್‌ಗೆ, ಅಂದರೆ ಆದ ತೊಂದರೆಗಳ ಪಟ್ಟಿಗೆ. ಇದು ಸುಲಭ.

ತಲೆ ತಿನ್ನುವುದು ಎರಡು ರಿಸರ್ವ್‌ಗಳು: ಕಂಟಿಂಜೆನ್ಸಿ, ಮ್ಯಾನೇಜ್‌ಮೆಂಟ್. ಎರಡೂ ತೆಗೆದಿಟ್ಟ ದುಡ್ಡೇ ಅಲ್ವಾ? ಸೋಮವಾರಪೇಟೆ ಕಡೆ ಒಂದು ತೋಟದಲ್ಲಿ ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕಬೇಕು ಅಂದುಕೊಳ್ಳಿ. ಅರೇಬಿಕಾ ಕೊಯ್ಲಿಗೆ ಮೊದಲೇ ಮುಗಿಯಬೇಕು. ಅಕ್ಟೋಬರ್ ಮಳೆಯ ಸಾಧ್ಯತೆ ಶೇ. 30, ಬಂದರೆ ನಷ್ಟ 40,000 ರೂಪಾಯಿ. ಗುಣಿಸಿದರೆ 12,000. ರಸ್ತೆ ಬಂದ್ ಆಗಿ ಜಲ್ಲಿ, ಸಿಮೆಂಟ್ ತಡವಾಗುವುದು ಶೇ. 20, ನಷ್ಟ 30,000. ಅದು 6,000. ಒಟ್ಟು 18,000. ಇದೇ ಕಂಟಿಂಜೆನ್ಸಿ ರಿಸರ್ವ್. ಇದು ಕಾಸ್ಟ್ ಬೇಸ್‌ಲೈನ್ (ಖರ್ಚನ್ನು ಹೋಲಿಸಿ ನೋಡಲು ಮೊದಲೇ ಒಪ್ಪಿಕೊಂಡ ಲೆಕ್ಕ) ಒಳಗೇ ಇರುತ್ತದೆ, ಕೆಲಸ ನಡೆಸುವ ಮ್ಯಾನೇಜರ್ ತಾನೇ ಬಳಸಬಹುದು.

ಅಗೆಯುವಾಗ ನೆಲದಡಿಯ ಜಲ ಒಡೆದು ನೀರು ಉಕ್ಕಿದರೆ? ಅದನ್ನು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ. ಅದಕ್ಕೆ ಮ್ಯಾನೇಜ್‌ಮೆಂಟ್ ರಿಸರ್ವ್. ಬೇಸ್‌ಲೈನ್ ಹೊರಗೆ, ಆದರೆ ಒಟ್ಟು ಬಜೆಟ್ ಒಳಗೆ. ಮುಟ್ಟಲು ಮಾಲೀಕರ ಒಪ್ಪಿಗೆ ಬೇಕು. ಒಪ್ಪಿದರೆ ಬೇಸ್‌ಲೈನೂ ಬದಲಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ರಿಸ್ಕ್ ಪಟ್ಟಿಯಲ್ಲಿ ಇತ್ತಾ?

ಇಲ್ಲಿಯೇ ನನಗೆ ಗಂಟು ಬಿದ್ದದ್ದು. ಮಳೆ ಬಂದೇ ಬಿಟ್ಟರೆ ಬೇಕಾಗುವುದು 40,000. ಇರುವುದು 18,000. ಲೆಕ್ಕ ತಪ್ಪೇ? ತಪ್ಪಲ್ಲ. 12,000 ಬರೀ ಸರಾಸರಿ. ಮಳೆ ಬಂದರೆ 40,000 ಹೋಗುತ್ತದೆ, ಬರದಿದ್ದರೆ ಏನೂ ಹೋಗುವುದಿಲ್ಲ. 12,000 ಅಂತೂ ಯಾವತ್ತೂ ಖರ್ಚಾಗುವುದಿಲ್ಲ! ಪಟ್ಟಿಯಲ್ಲಿ ತುಂಬಾ ರಿಸ್ಕ್‌ಗಳಿದ್ದರೆ ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ, ಹೆಚ್ಚುಕಡಿಮೆ ಸರಿದೂಗುತ್ತದೆ. ಎರಡೇ ಇದ್ದರೆ ಸರಿದೂಗುವ ಭರವಸೆ ಇಲ್ಲ. ಅದಕ್ಕೇ ಸಣ್ಣ ಕೆಲಸದಲ್ಲಿ ಈ ಗುಣಾಕಾರವೊಂದನ್ನೇ ನಂಬಬೇಡಿ. ದೊಡ್ಡ ರಿಸ್ಕ್‌ಗೆ ಪೂರ್ತಿ ದುಡ್ಡು ಇಡಿ. ಇಲ್ಲವೇ ಮೊದಲೇ ಟಾರ್ಪಾಲು ತಂದಿಟ್ಟು ನಷ್ಟವನ್ನೇ ಇಳಿಸಿ. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಪಟ್ಟಿ ಒಮ್ಮೆ ಬರೆದಿಡುವಂಥದ್ದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು. 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿತು. ಇಷ್ಟೆಲ್ಲ ಕಂಡ ಮೇಲೂ ಮಳೆಗಾಲದ ಕೆಲಸಕ್ಕೆ ರಸ್ತೆ ಬಂದ್ ಆಗುವುದನ್ನು 'ಅನಿರೀಕ್ಷಿತ' ಅನ್ನುವಂತಿಲ್ಲ. ಅದು ಕಂಟಿಂಜೆನ್ಸಿ ಲೆಕ್ಕಕ್ಕೇ ಬರಬೇಕು. ಒಡೆದ ಜಲವೂ ಅಷ್ಟೇ: ಈ ಸಲ ಇಶ್ಯೂ ಲಾಗ್‌ನಲ್ಲಿ, ಪಕ್ಕದ ತೋಟದ ಕೆಲಸ ಹಿಡಿದಾಗ ರಿಸ್ಕ್ ರಿಜಿಸ್ಟರ್‌ನ ಮೊದಲ ಸಾಲಿನಲ್ಲಿ.