ರೀಜನಲ್‌ನಿಂದ ಮೇಜರ್‌ಗೆ: ಗಂಟೆಗಿಂತ ತಾರೀಖು ದೊಡ್ಡದು

ಅಮೆರಿಕದ ಏರ್‌ಲೈನ್ ಪೈಲಟ್‌ಗಳ ವೃತ್ತಿಬದುಕು ಸೀನಿಯಾರಿಟಿ ನಂಬರಿನ (ಕಂಪನಿ ಸೇರಿದ ಕ್ರಮದ ಸಂಖ್ಯೆಯ) ಸುತ್ತ ತಿರುಗುತ್ತದೆ. ಬೇಸ್ ಯಾವ ಊರು, ಯಾವ ವಿಮಾನ, ಎಡ ಸೀಟೋ (ಕ್ಯಾಪ್ಟನ್) ಬಲ ಸೀಟೋ (ಫಸ್ಟ್ ಆಫೀಸರ್, ಅಂದರೆ ಸಹಪೈಲಟ್), ರಜೆಯ ದಿನ ಮನೆಯಲ್ಲೋ ಹೋಟೆಲಿನಲ್ಲೋ, ಇವೆಲ್ಲವನ್ನೂ ಆ ನಂಬರೇ ತೀರ್ಮಾನಿಸುತ್ತದೆ. ಕಂಪನಿ ಬಿಟ್ಟರೆ ಅದು ಜೊತೆಗೆ ಬರುವುದಿಲ್ಲ. ದೊಡ್ಡ ಕಂಪನಿಗಳಿಗಾಗಿ ಚಿಕ್ಕ ವಿಮಾನ ಹಾರಿಸುವ ರೀಜನಲ್ ಏರ್‌ಲೈನ್‌ನಲ್ಲಿ ಹತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಡೆಲ್ಟಾ, ಯುನೈಟೆಡ್, ಅಮೆರಿಕನ್ ಅಥವಾ ಸೌತ್‌ವೆಸ್ಟ್‌ನಂಥ ಮೇಜರ್ (ದೊಡ್ಡ ಏರ್‌ಲೈನ್) ಸೇರಿದ ದಿನ ಪಟ್ಟಿಯ ಕೊನೆಯ ಹೆಸರೇ. ನಿವೃತ್ತಿ ವಯಸ್ಸು 65 ಎಂದು ಕಾನೂನಿನಲ್ಲೇ ಇರುವುದರಿಂದ 30ಕ್ಕೆ ಸೇರಿದವರಿಗೆ 35 ವರ್ಷ ಸಿಗುತ್ತದೆ, 42ಕ್ಕೆ ಸೇರಿದವರಿಗೆ 23. ಅದಕ್ಕೇ ಲಾಗ್‌ಬುಕ್ಕಿನ ಗಂಟೆಗಿಂತ ಸೇರಿದ ತಾರೀಖು ದೊಡ್ಡದು ಎನ್ನುವುದು.

ರೀಜನಲ್ ಎಂಬ ಹಂತ ಇರುವುದಕ್ಕೆ ಮುಖ್ಯ ಕಾರಣ ಸ್ಕೋಪ್ ಷರತ್ತು. ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ತಮ್ಮ ಒಪ್ಪಂದದಲ್ಲೇ ಒಂದು ಗೆರೆ ಎಳೆದಿವೆ: ಹೊರಗಿನ ರೀಜನಲ್ ಕಂಪನಿ ಹಾರಿಸುವ ಜೆಟ್‌ನಲ್ಲಿ ಸಾಮಾನ್ಯವಾಗಿ 76 ಸೀಟಿಗಿಂತ ಹೆಚ್ಚು ಇರಬಾರದು, ಗರಿಷ್ಠ ಟೇಕಾಫ್ ತೂಕ 86,000 ಪೌಂಡ್ ಮೀರಬಾರದು. ಎಂಬ್ರೇಯರ್ 175, ಸಿಆರ್‌ಜೆ 900 ಆ ಗೆರೆಯೊಳಗೆ ಕೂರುವ ವಿಮಾನಗಳು. ಅವುಗಳಾಚೆಗೆ ಬೆಳೆಯಬೇಕೆಂದರೆ ಕಂಪನಿಯನ್ನೇ ದಾಟಬೇಕು.

ಒಳಗೆ ಬರಲು ಎಟಿಪಿ (ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್) ಸರ್ಟಿಫಿಕೇಟ್ ಬೇಕು. 2009ರ ಫೆಬ್ರುವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್‌ನ 3407 ಸಂಖ್ಯೆಯ ವಿಮಾನ ಬಿದ್ದು 50 ಜನ ಸತ್ತ ಮೇಲೆ, 2010ರ ಕಾನೂನಿನ ಫಲವಾಗಿ 2013ರಿಂದ ಫಸ್ಟ್ ಆಫೀಸರ್‌ಗೂ ಎಟಿಪಿ ಕಡ್ಡಾಯವಾಯಿತು. ಪೂರ್ಣ ಎಟಿಪಿಗೆ 23 ವರ್ಷ ವಯಸ್ಸು, ಒಟ್ಟು 1,500 ಗಂಟೆ. ಅದರಲ್ಲಿ 500 ಕ್ರಾಸ್‌ಕಂಟ್ರಿ (ದೂರದ ಹಾರಾಟ), 100 ರಾತ್ರಿ, 75 ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವುದು). 21 ವರ್ಷಕ್ಕೆ ಸಿಗುವ ನಿರ್ಬಂಧಿತ ಎಟಿಪಿಗೆ ಮಿಲಿಟರಿ ಪೈಲಟ್‌ಗೆ 750 ಗಂಟೆ ಸಾಕು. ಮಾನ್ಯತೆ ಪಡೆದ ವಿಮಾನಯಾನ ಪದವಿಯವರಿಗೆ 1,000, ಎರಡು ವರ್ಷದ ಕೋರ್ಸ್‌ನವರಿಗೆ 1,250. ನಿರ್ಬಂಧಿತ ಸರ್ಟಿಫಿಕೇಟ್‌ನಲ್ಲಿ ಸೇರಿದವರು ಒಂದು ಮಾತು ನೆನಪಿಡಬೇಕು. ಗಂಟೆ ಮತ್ತು ವಯಸ್ಸು ತುಂಬಿದ ಮಾತ್ರಕ್ಕೆ ನಿರ್ಬಂಧ ತಾನಾಗಿ ಬಿದ್ದುಹೋಗುವುದಿಲ್ಲ, ದಾಖಲೆ ತೋರಿಸಿ ತೆಗೆಸಿಕೊಳ್ಳಬೇಕು. ಅದನ್ನು ತೆಗೆಸದೆ ಎಡ ಸೀಟು ಸಿಗದು.

ಇನ್ನು ನಿಜವಾದ ಅಡ್ಡಗೋಡೆ. ಏರ್‌ಲೈನ್ ಕ್ಯಾಪ್ಟನ್ ಆಗಲು ಎಟಿಪಿಯ ಮೇಲೆ ಇನ್ನೂ 1,000 ಗಂಟೆ ಬೇಕು. ಬಹುಪಾಲು ಜನರಿಗೆ ಅದು ಏರ್‌ಲೈನ್ ಫಸ್ಟ್ ಆಫೀಸರ್ ಆಗಿ ಹಾರಿಸಿದ ಸಮಯವೇ. ಫ್ಲೈಟ್ ಸ್ಕೂಲಿನಲ್ಲಿ ಪಾಠ ಹೇಳಿದ ಗಂಟೆ ಇಲ್ಲಿ ಲೆಕ್ಕಕ್ಕಿಲ್ಲ. ತಿಂಗಳಿಗೆ 75 ಗಂಟೆ ಹಾರಿಸುವವರಿಗೆ ಇದು ಹದಿಮೂರು ತಿಂಗಳ ಚಿಲ್ಲರೆ. ರಿಸರ್ವ್‌ನಲ್ಲಿ (ಕರೆ ಬಂದರೆ ಮಾತ್ರ ಹಾರುವ ಪಾಳಿಯಲ್ಲಿ) ಕೂತು ತಿಂಗಳಿಗೆ 30 ಗಂಟೆ ಹಾರಿಸುವವರಿಗೆ ಮೂವತ್ಮೂರು ತಿಂಗಳು. ಕನಿಷ್ಠ ಸಂಬಳದ ಖಾತರಿ ಇರುವುದರಿಂದ ಪೇ ಸ್ಲಿಪ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸಂಬಳಕ್ಕೆ ಎಣಿಸುವ ಕ್ರೆಡಿಟ್ ಗಂಟೆ ಬೇರೆ, ನಿಜವಾಗಿ ಹಾರಿಸಿದ ಬ್ಲಾಕ್ ಗಂಟೆ ಬೇರೆ. ಪ್ರಯಾಣಿಕರಂತೆ ಕೂತು ಹೋದ ಡೆಡ್‌ಹೆಡ್ ಸಮಯಕ್ಕೆ ಹಣ ಬಂದರೂ ಹಾರಾಟದ ಗಂಟೆ ಬರುವುದಿಲ್ಲ. ಹಾಗಾಗಿ ಮೊದಲ ವರ್ಷ ಊರಿಗೆ ಹತ್ತಿರದ ಬೇಸ್‌ಗಿಂತ ಬೇಗ ಲೈನ್ (ತಿಂಗಳಿಡೀ ನಿಗದಿಯಾದ ಹಾರಾಟಗಳ ವೇಳಾಪಟ್ಟಿ) ಸಿಗುವ ಬೇಸ್‌ಗೆ ಬಿಡ್ ಮಾಡುವುದು (ನಮ್ಮ ಆಯ್ಕೆ ಸಲ್ಲಿಸುವುದು) ಮೇಲು. ಯಾವ ಬೇಸ್‌ನಲ್ಲಿ ಕೊನೆಯ ಲೈನ್ ಹಿಡಿದವರು ಯಾವಾಗ ಸೇರಿದವರು ಎಂಬುದನ್ನು ಪ್ರತಿ ತಿಂಗಳ ಬಿಡ್ ಫಲಿತಾಂಶದಲ್ಲಿ ನೋಡಿ, ಬರೆದಿಟ್ಟುಕೊಳ್ಳಿ. ಮೇಲಿನ ಮಿತಿಯೂ ಇದೆ: ಯಾವುದೇ 365 ದಿನಗಳಲ್ಲಿ 1,000 ಗಂಟೆ, 672 ಗಂಟೆಗಳ ಅವಧಿಯಲ್ಲಿ 100 ಗಂಟೆ.

1,000 ತುಂಬಿದಾಗ ಎದುರಾಗುವ ಪ್ರಶ್ನೆ, ಅಪ್‌ಗ್ರೇಡ್ (ಕ್ಯಾಪ್ಟನ್ ಬಡ್ತಿ) ತೆಗೆದುಕೊಳ್ಳಬೇಕೇ? ಆ ಹೊತ್ತಿಗೆ ಫಸ್ಟ್ ಆಫೀಸರ್ ಆಗಿ ಒಳ್ಳೆಯ ಲೈನ್ ಇರುತ್ತದೆ, ವಾರಾಂತ್ಯದ ರಜೆಯೂ ಸಿಗಲು ಶುರುವಾಗಿರಬಹುದು. ಕ್ಯಾಪ್ಟನ್ ಆದರೆ ಮತ್ತೆ ರಿಸರ್ವ್, ಮತ್ತೆ ಬೇಡದ ಬೇಸ್. ಹಾಗಿದ್ದರೂ ತಯಾರಿ ಗಟ್ಟಿಯಾಗಿದ್ದರೆ ತೆಗೆದುಕೊಳ್ಳಬೇಕೆಂಬುದೇ ನಮ್ಮ ಖಚಿತ ಅಭಿಪ್ರಾಯ. ಮೇಜರ್‌ಗಳು ಅರ್ಜಿ ತೂಗುವಾಗ ಟರ್ಬೈನ್ ಪಿಐಸಿ ಸಮಯಕ್ಕೆ (ಟರ್ಬೈನ್ ಎಂಜಿನ್ ವಿಮಾನದಲ್ಲಿ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ಹೊಣೆ ಹೊತ್ತು ಹಾರಿಸಿದ ಗಂಟೆಗೆ) ಬೆಲೆ ಕೊಡುತ್ತವೆ. ನೇಮಕ ಬಿಗಿಯಾದಾಗ ಆ ಕಾಲಮ್ ಖಾಲಿ ಇರುವವರೇ ಮೊದಲು ಹಿಂದೆ ಉಳಿಯುವುದು. ತಯಾರಿ ಗಟ್ಟಿಯಾಗಿದ್ದರೆ ಎಂದದ್ದಕ್ಕೆ ಕಾರಣವಿದೆ. ಅಪ್‌ಗ್ರೇಡ್ ತರಬೇತಿಯಲ್ಲಿ ಫೇಲಾದರೆ ಅದು ದಾಖಲೆಗೆ ಸೇರುತ್ತದೆ. ಬಲ ಸೀಟಿನಲ್ಲಿ ಕೂತಿರುವಾಗಲೇ ಪ್ರತಿ ಹಾರಾಟದಲ್ಲೂ ಇಂಧನ, ಪರ್ಯಾಯ ನಿಲ್ದಾಣ, ಕೆಟ್ಟ ಉಪಕರಣದ ಎಂಇಎಲ್ (ಯಾವುದು ಕೆಟ್ಟಿದ್ದರೂ ಹಾರಬಹುದು ಎಂಬ ಪಟ್ಟಿಯ) ನಿರ್ಧಾರಗಳನ್ನು ಮನಸ್ಸಿನಲ್ಲೇ ಮೊದಲು ಮಾಡಿ, ಆಮೇಲೆ ಕ್ಯಾಪ್ಟನ್ ಏನು ಮಾಡಿದರು ಎಂದು ಹೋಲಿಸಿ ನೋಡುವ ಅಭ್ಯಾಸವಿರಬೇಕು. ಇದನ್ನು ಆರು ತಿಂಗಳು ಮಾಡಿದವರಿಗೆ ಸಿಮ್ಯುಲೇಟರಿನಲ್ಲಿ ಕೈ ನಡುಗುವುದು ಕಡಿಮೆ. ಹೊಸ ಕ್ಯಾಪ್ಟನ್‌ಗೆ ಆ ವಿಮಾನದಲ್ಲಿ ಪಿಐಸಿಯಾಗಿ 100 ಗಂಟೆ ಆಗುವವರೆಗೆ ಇಳಿಯುವ ಕನಿಷ್ಠ ಎತ್ತರಕ್ಕೆ 100 ಅಡಿ, ಗೋಚರತೆಗೆ ಅರ್ಧ ಮೈಲಿ ಸೇರಿಸಲೇಬೇಕು. ಪರ್ಯಾಯ ನಿಲ್ದಾಣದ ಯೋಚನೆ ಆ ದಿನಗಳಲ್ಲಿ ಇನ್ನೂ ಮುಂಚೆ ಶುರುವಾಗಬೇಕು.

ಅಪ್‌ಗ್ರೇಡ್‌ಗೆ ಕಾಯುತ್ತಿರುವಾಗಲೇ ಮೇಜರ್‌ನಿಂದ ಕರೆ ಬಂದರೆ ಮಾತ್ರ ಲೆಕ್ಕ ಬೇರೆ. ಆಗ ಹೋಗಿಬಿಡಬೇಕು. "ಒಂದು ವರ್ಷ ಕ್ಯಾಪ್ಟನ್ ಸಂಬಳ ತೆಗೆದುಕೊಂಡು ಆಮೇಲೆ ಹೋಗುತ್ತೇನೆ" ಎಂದರೆ ಆ ವರ್ಷ ಮೇಜರ್ ಸೇರಿದವರೆಲ್ಲ ನಿವೃತ್ತಿಯವರೆಗೂ ನಿಮಗಿಂತ ಮೇಲೆ. 2007ರ ಡಿಸೆಂಬರ್‌ನಲ್ಲಿ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು, ಮರುವರ್ಷವೇ ಆರ್ಥಿಕ ಕುಸಿತ ಬಂತು. ಐದು ವರ್ಷ ಮೇಲಿನ ಕುರ್ಚಿಗಳು ಬಹುಪಾಲು ಖಾಲಿಯಾಗಲಿಲ್ಲ, ರೀಜನಲ್‌ಗಳಲ್ಲಿದ್ದವರು ಇದ್ದಲ್ಲೇ ಇದ್ದರು. ಕೆಲಸದಿಂದ ಇಳಿಸುವಾಗಲೂ ಪಟ್ಟಿಯ ಕೆಳಗಿನಿಂದಲೇ ಶುರು.

ಲಾಗ್‌ಬುಕ್ಕಿನ ವಿಷಯಕ್ಕೆ ಬರೋಣ, ಒಳ್ಳೆಯ ಪೈಲಟ್‌ಗಳೂ ಎಡವುವುದು ಇಲ್ಲೇ. ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದಂತೆ, ಟೈಪ್ ರೇಟಿಂಗ್ (ಆ ಮಾದರಿಯ ವಿಮಾನದ ಅರ್ಹತೆ) ಇರುವ ಫಸ್ಟ್ ಆಫೀಸರ್ ತಾನೊಬ್ಬನೇ ಕಂಟ್ರೋಲ್ ಹಿಡಿದ ಸಮಯವನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಏರ್‌ಲೈನ್ ಅರ್ಜಿಗಳಲ್ಲಿ ಪಿಐಸಿ ಎಂದರೆ ಸಾಮಾನ್ಯವಾಗಿ ವಿಮಾನಕ್ಕೆ ಸಹಿ ಹಾಕಿದ ಕ್ಯಾಪ್ಟನ್‌ನ ಸಮಯ ಮಾತ್ರ. ಎರಡನ್ನೂ ಒಂದೇ ಕಾಲಮ್‌ನಲ್ಲಿ ತುಂಬಿದವರು ಸಂದರ್ಶನದ ಮೇಜಿನ ಮುಂದೆ ಕೂತು ಬೇರ್ಪಡಿಸಲಾರರು. ಮೊದಲ ದಿನದಿಂದಲೇ ಪ್ರತ್ಯೇಕ ಕಾಲಮ್ ಇಡಿ. ಸಿಮ್ಯುಲೇಟರ್ ಸಮಯವನ್ನು ಒಟ್ಟು ಹಾರಾಟದ ಗಂಟೆಗೆ ಕೂಡಿಸಬೇಡಿ. ಹಿಂದಿನ ಪ್ರತಿ ಚೆಕ್‌ರೈಡ್‌ಗೆ (ಹಾರಾಟ ಪರೀಕ್ಷೆಗೆ) ಅರ್ಜಿ ಹಾಕುವಾಗ ಬರೆದ ಮೊತ್ತಗಳು ಎಫ್‌ಎಎ ಬಳಿ ಇವೆ. ಅದೇ ತಾರೀಖಿಗೆ ನಿಮ್ಮ ಲಾಗ್‌ಬುಕ್ ಏನು ಹೇಳುತ್ತದೆ ಎಂದು ಒಂದೊಂದಾಗಿ ತಾಳೆ ನೋಡಿ. ತಪ್ಪು ಸಿಕ್ಕರೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಕಾರಣ ಮತ್ತು ಸಹಿ ಹಾಕಿ. ಅಳಿಸಿ ಬಿಳಿ ಬಳಿದರೆ ಪ್ರಾಮಾಣಿಕ ತಿದ್ದುಪಡಿಯೂ ಅನುಮಾನಕ್ಕೆ ಗುರಿಯಾಗುತ್ತದೆ. ಕಾಗದದಿಂದ ಎಲೆಕ್ಟ್ರಾನಿಕ್ ಲಾಗ್‌ಬುಕ್ಕಿಗೆ ಬಂದವರು ಹಳೆಯ ಪುಸ್ತಕದ ಕೊನೆಯ ಮೊತ್ತವೂ ಹೊಸದರ ಆರಂಭಿಕ ಮೊತ್ತವೂ ಕಾಲಮ್‌ವಾರು ಕೂಡುತ್ತವೆಯೇ ಎಂದು ನೋಡಬೇಕು. ಹೆಚ್ಚಿನ ವ್ಯತ್ಯಾಸ ಹುಟ್ಟುವುದು ಆ ಒಂದು ಸಾಲಿನಲ್ಲಿ.

ಚೆಕ್‌ರೈಡ್ ಫೇಲಾದದ್ದನ್ನು ಮುಚ್ಚಿಡಬೇಡಿ. ಕೋಲ್ಗನ್ 3407ರ ಕ್ಯಾಪ್ಟನ್ ತನ್ನ ಹಿಂದಿನ ವೈಫಲ್ಯಗಳೆಲ್ಲವನ್ನೂ ಅರ್ಜಿಯಲ್ಲಿ ಹೇಳಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಇಂದಿನ ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ಹುಟ್ಟಿದ್ದಕ್ಕೆ ಆ ದುರಂತವೂ ಕಾರಣ. ಎಫ್‌ಎಎ ದಾಖಲೆ, ಹಿಂದಿನ ಕಂಪನಿಗಳ ತರಬೇತಿ ಫಲಿತಾಂಶ, ಶಿಸ್ತುಕ್ರಮ, ಕೆಲಸ ಬಿಟ್ಟ ಬಗೆ ಅದರಲ್ಲಿರುತ್ತವೆ. ನಿಮ್ಮ ಒಪ್ಪಿಗೆ ಪಡೆದು ಹೊಸ ಕಂಪನಿ ಅದನ್ನು ಓದುತ್ತದೆ. ಅರ್ಜಿ ಹಾಕುವ ಮೊದಲು ನೀವೇ ಒಳಹೊಕ್ಕು ಓದಿ, ತಪ್ಪಿದ್ದರೆ ಸರಿಪಡಿಸಲು ಬರೆಯಿರಿ. ಕುಡಿದು ವಾಹನ ಓಡಿಸಿದ ಪ್ರಕರಣವೇನಾದರೂ ಇದ್ದರೆ 60 ದಿನಗಳೊಳಗೆ ಎಫ್‌ಎಎಗೆ ತಿಳಿಸಬೇಕೆಂಬ ನಿಯಮವಿದೆ. ಎಷ್ಟೋ ಸಲ ಪ್ರಕರಣಕ್ಕಿಂತ ತಿಳಿಸದೆ ಬಿಟ್ಟದ್ದೇ ಹೆಚ್ಚು ಪೆಟ್ಟು ಕೊಡುತ್ತದೆ. ಸಂದರ್ಶನದಲ್ಲಿ ವೈಫಲ್ಯದ ಬಗ್ಗೆ ಕೇಳಿದಾಗ ಪರೀಕ್ಷಕರನ್ನೋ ಹವಾಮಾನವನ್ನೋ ದೂರಬೇಡಿ. ಯಾವ ಮ್ಯಾನುವರ್, ಏನು ತಪ್ಪಾಯಿತು, ಮರುಪರೀಕ್ಷೆಗೆ ಮುನ್ನ ಏನು ಬದಲಿಸಿಕೊಂಡೆ, ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಲು ಬರಬೇಕು. ಒಂದೆರಡು ವೈಫಲ್ಯ ದಾಟಬಹುದಾದ ಹಳ್ಳ, ಸುಳ್ಳು ಹಾಗಲ್ಲ.

ಅರ್ಜಿಯನ್ನು ಸಲ್ಲಿಸಿ ಮರೆಯಬೇಡಿ. ತಿಂಗಳಿಗೊಮ್ಮೆ ಗಂಟೆ, ವಿಳಾಸ, ಮೆಡಿಕಲ್ ತಾರೀಖು ಹೊಸದಾಗಿಸಿ. ಒಂದನೇ ದರ್ಜೆಯ ಮೆಡಿಕಲ್ 40 ದಾಟಿದವರಿಗೆ ಆರೇ ತಿಂಗಳು ನಡೆಯುತ್ತದೆ ಎಂಬುದೂ ಗಮನದಲ್ಲಿರಲಿ. ಪದವಿಯ ವಿಷಯದಲ್ಲಿ ಬಿಗಿ ಸಡಿಲಿದೆ. ಡೆಲ್ಟಾ 2022ರ ಆರಂಭದಲ್ಲಿ ನಾಲ್ಕು ವರ್ಷದ ಪದವಿಯ ಕಡ್ಡಾಯವನ್ನು ಕೈಬಿಟ್ಟಿತು. ಕಡ್ಡಾಯವಲ್ಲ ಎಂದಮಾತ್ರಕ್ಕೆ ಬೆಲೆಯಿಲ್ಲ ಎಂದಲ್ಲ.

ಎನ್ವಾಯ್, ಪೀಡ್ಮಾಂಟ್, ಪಿಎಸ್‌ಎ ಕಂಪನಿಗಳಿಂದ ಅಮೆರಿಕನ್‌ಗೆ ಸೀನಿಯಾರಿಟಿ ಪ್ರಕಾರ ಹರಿದುಹೋಗುವ ಫ್ಲೋ ಒಪ್ಪಂದವಿದೆ. ಯುನೈಟೆಡ್‌ನ ಏವಿಯೇಟ್, ಡೆಲ್ಟಾದ ಪ್ರೊಪೆಲ್ ಬೇರೆ ಬಗೆಯ ದಾರಿಗಳು. ಇವು ಇರುವುದು ಒಳ್ಳೆಯದೇ, ಆದರೆ ಫ್ಲೋ ವೇಗ ಮೇಲಿನ ಕಂಪನಿಯ ನೇಮಕವನ್ನೇ ಅವಲಂಬಿಸಿರುತ್ತದೆ. ಅಲ್ಲಿ ಬಾಗಿಲು ಮುಚ್ಚಿದರೆ ಇಲ್ಲಿನ ಸಾಲೂ ನಿಲ್ಲುತ್ತದೆ. ಫ್ಲೋ ನಂಬಿ ಬೇರೆ ಕಂಪನಿಗಳಿಗೆ ಅರ್ಜಿಯನ್ನೇ ಹಾಕದಿರುವುದು ದೊಡ್ಡ ತಪ್ಪು.

ಕೆಲಸ ಸಿಕ್ಕಿದೆ ಎಂಬ ಫೋನ್ ಬಂದ ಕೂಡಲೇ ರಾಜೀನಾಮೆ ಕೊಡಬೇಡಿ. ಕ್ಲಾಸ್ (ಹೊಸಬರ ತರಬೇತಿ ತಂಡ) ಶುರುವಾಗುವ ತಾರೀಖು ಬರಹದಲ್ಲಿ ಬರಲಿ, ಹಿನ್ನೆಲೆ ಪರಿಶೀಲನೆ ಮುಗಿಯಲಿ. ಕ್ಲಾಸ್‌ಗಳು ಮುಂದೆ ಹೋಗುವುದುಂಟು. ಆಯ್ಕೆ ಕೊಟ್ಟರೆ ಎಲ್ಲಕ್ಕಿಂತ ಮುಂಚಿನ ಕ್ಲಾಸ್ ಹಿಡಿಯಿರಿ, ಎರಡು ವಾರದ ರಜೆಗಾಗಿ ಮುಂದೂಡಬೇಡಿ.

ಹೊಸ ಕಂಪನಿಯಲ್ಲಿ ಮೊದಲ ವರ್ಷ ಪ್ರೊಬೇಷನ್, ಸಂಘದ ರಕ್ಷಣೆ ತೆಳು. ಚೆಕ್ ಪಾಸಾದ ಮೇಲೆ 120 ದಿನಗಳೊಳಗೆ ಹೊಸ ವಿಮಾನದಲ್ಲಿ 100 ಗಂಟೆ ಹಾರಿಸಿ ಕನ್ಸಾಲಿಡೇಷನ್ (ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವ ಹಂತ) ಮುಗಿಸಬೇಕು. ರಿಸರ್ವ್‌ನಲ್ಲಿ ಫೋನ್ ಬಾರದೆ ದಿನ ಕಳೆದರೆ ಇದೇ ಕುತ್ತಿಗೆಗೆ ಬರುತ್ತದೆ. 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್‌ನ ಲೆಕ್ಕವೂ ಜೊತೆಗೆ ಓಡುತ್ತಿರುತ್ತದೆ. ಅರುವತ್ತನೇ ದಿನಕ್ಕೆ ಗಂಟೆ ಹಿಂದೆ ಬಿದ್ದಿದ್ದರೆ ಸುಮ್ಮನೆ ಕಾಯದೆ ಶೆಡ್ಯೂಲಿಂಗ್‌ಗೂ ತರಬೇತಿ ವಿಭಾಗಕ್ಕೂ ಬರೆದು ತಿಳಿಸಿ, ಖಾಲಿ ಇರುವ ಟ್ರಿಪ್‌ಗಳನ್ನು ಕೇಳಿ ತೆಗೆದುಕೊಳ್ಳಿ.